ತಪ್ಪು ಯಾರದೆಂದು ಕೇಳದ ಪಾಲಿಸಿ

ಕಸದ ಗಾಡಿ ಬಂದಾಗ ಸಂಧ್ಯಾರಾಣಿ ಎರಡು ಚೀಲ ಹಿಡಿದು ಬಾಗಿಲಿಗೆ ಬಂದಳು. ಒಂದರಲ್ಲಿ ಮಣ್ಣಿಗೆ ಬಂದವರು ಉಂಡ ಎಲೆಗಳು, ಇನ್ನೊಂದರಲ್ಲಿ ಕಾಗದದ ಲೋಟಗಳು. ಗಾಡಿಯ ಹೆಂಗಸು ಮೊದಲನೆಯ ಚೀಲದ ಬಾಯಿ ಬಿಡಿಸಿ ನೋಡಿದವಳೇ ಬೀದಿಗೆಲ್ಲ ಕೇಳುವ ಹಾಗೆ ಗದರಿಸಿದಳು.

"ಎಲೆ ಒಳಗೇ ಲೋಟಾನೂ ತುರುಕೀರಲ್ರಿ! ಹಸಿದು ಬ್ಯಾರೆ, ಒಣದು ಬ್ಯಾರೆ ಅಂತ ಎಷ್ಟು ಸಲ ಬಡ್ಕಬೇಕು? ಓದಿದೋರೇ ಹಿಂಗೆ ಮಾಡಿದ್ರೆ ಹೆಂಗೆ?"

ಸಂಧ್ಯಾ ಅಲ್ಲೇ ಕುಕ್ಕರಗಾಲಲ್ಲಿ ಕೂತು ಎಲೆಗಳ ನಡುವಿನಿಂದ ಲೋಟಗಳನ್ನು ಆರಿಸಿ ತೆಗೆದಳು. ಬೈಸಿಕೊಂಡದ್ದು ಹಿತವಾಗಿತ್ತು. ಗಂಡ ಮಹಾಂತೇಶನನ್ನು ಮಣ್ಣು ಮಾಡಿದ ಮೇಲೆ ಅವಳೆದುರು ಎಲ್ಲರೂ ದನಿ ತಗ್ಗಿಸಿಯೇ ಮಾತಾಡುತ್ತಿದ್ದರು. ಅಂಗಡಿಯವನು ಚಿಲ್ಲರೆ ಕೊಡುವಾಗಲೂ ಪಿಸುಗುಟ್ಟಿದ್ದ. ಎಂದಿನ ದನಿಯಲ್ಲಿ ಮಾತಾಡಿಸಿದವಳು ಇವಳೊಬ್ಬಳೇ.

ನೆಂಟರು ಹಿಂದಿನ ಸಂಜೆಯೇ ಹೊರಟುಹೋಗಿದ್ದರು. ಚನ್ನಗಿರಿಯ ಆ ಬಾಡಿಗೆ ಮನೆಯಲ್ಲಿ ಈಗ ಅವಳೊಬ್ಬಳು. ಅತ್ತೆ ದ್ಯಾಮಮ್ಮ ತೊಡೆಯ ಮೂಳೆಗೆ ರಾಡು ಹಾಕಿಸಿಕೊಂಡು ಹೊನ್ನಾಳಿಯ ಮೂಳೆ ಆಸ್ಪತ್ರೆಯಲ್ಲಿ ಮಲಗಿದ್ದರು. ನ್ಯಾಮತಿಯಲ್ಲಿ ನೆಂಟರ ಮನೆಯ ತೊಟ್ಟಿಲು ಶಾಸ್ತ್ರ ಮುಗಿಸಿಕೊಂಡು ತಾಯಿ ಮಗ ಇಬ್ಬರೇ ಕಾರಿನಲ್ಲಿ ಬರುತ್ತಿದ್ದಾಗ, ಗೋವಿನಕೋವಿ ದಾಟಿದ ಮೇಲೆ ಕಾರು ರಸ್ತೆ ಬಿಟ್ಟಿಳಿದು ಮರಕ್ಕೆ ಬಡಿದಿತ್ತು. ಮಗ ಉಳಿಯಲಿಲ್ಲ. ಹೆಣವನ್ನು ಊರಿಗೆ ತರುವಾಗ ಆಂಬುಲೆನ್ಸನ್ನು ಆಸ್ಪತ್ರೆಯ ಮುಂದೆ ನಿಲ್ಲಿಸಿ, ದ್ಯಾಮಮ್ಮನವರನ್ನು ಸ್ಟ್ರೆಚರಿನಲ್ಲೇ ಹೊರಗೆ ತಂದು ಮುಖ ತೋರಿಸಿದ್ದರು. ಮುದುಕಿ ಮಗನ ಗಲ್ಲ ಸವರಿ, ಅಂಗಿಯ ಕಾಲರು ಸರಿಮಾಡಿ, "ಹೋಗ್ಬಾ" ಅಂದಿದ್ದರು.

ಸಂಧ್ಯಾ ಅತ್ತಿರಲಿಲ್ಲ. ಗಟ್ಟಿಗಿತ್ತಿ ಅಂದರು ಕೆಲವರು. ಒಮ್ಮೆ ಅತ್ತುಬಿಡವ್ವ, ಎದೆ ಹಗುರಾಗ್ತತೆ ಅಂದರು ಇನ್ನು ಕೆಲವರು. ಅವಳಿಗೆ ಎರಡೂ ತನಗೆ ಹೇಳಿದ ಮಾತು ಅನ್ನಿಸಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಕಾಲು ಮುಟ್ಟಿದಂತೆ, ಅವಳ ಒಳಗೆಲ್ಲ ಹಾಗಾಗಿತ್ತು.

ಲೋಟ ಆರಿಸಿ ಕೈ ತೊಳೆಯುವಷ್ಟರಲ್ಲಿ ಫೋನು ಬಂತು.

"ಮೇಡಂ, ಹೊನ್ನಾಳಿ ಆಸ್ಪತ್ರೆಯಿಂದ ರೂಪಶ್ರೀ ಮಾತಾಡೋದು, ಇನ್ಶೂರೆನ್ಸ್ ಕೌಂಟರು. ಇಂಥ ಟೈಮಲ್ಲಿ ಕೇಳಾಕೆ ಬೇಜಾರು, ಆದ್ರೂ ಕೇಳ್ಲೇಬೇಕು. ಅಜ್ಜಿ ಬಿಲ್ ಯಾವುದರ ಮೇಲೆ ಹಾಕ್ಲಿ? ಮಗ ಮಾಡಿಸಿದ್ದ ಹೆಲ್ತ್ ಪಾಲಿಸಿ ಮೇಲೋ, ಇಲ್ಲಾ ಕಾರಿನ ಇನ್ಶೂರೆನ್ಸಿಗೆ ಕೋರ್ಟಲ್ಲಿ ಕೇಸ್ ಹಾಕ್ತೀರೋ?"

"ಎರಡೂ ಆಗಲ್ವಾ?"

"ಒರಿಜಿನಲ್ ಬಿಲ್ ಒಂದೇ ಸೆಟ್ ಬರೋದು ಮೇಡಂ. ಹೆಲ್ತ್ ಪಾಲಿಸಿಗಾದ್ರೆ ನಾವೇ ಕಂಪನಿಗೆ ಕಳಿಸ್ತೀವಿ. ಕೋರ್ಟಿಗಾದ್ರೆ ನೀವು ಕೈಯಿಂದ ಕಟ್ಟಿ ಬಿಲ್ ಇಸ್ಕಂಡು ಹೋಗ್ಬೇಕು. ನಿಮ್ಮ ದೊಡ್ಡ ಮಾವ ಕೇಸಿಗೇ ಅಂತಾರೆ, ಅಜ್ಜಿ ಬ್ಯಾಡ ಅಂತ ಕೂಗಾಡ್ತಾರೆ. ನೀವು ಸಂಜೆ ಒಳಗೆ ಒಂದು ಹೇಳ್ಬಿಡ್ರಿ."

ಪಾಲಿಸಿಯ ಪುಸ್ತಕ ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ಮಹಾಂತೇಶ ಅದನ್ನು ಮಾಡಿಸಿದ ದಿನ ಮನೆಯಲ್ಲಿ ಒಂದು ರಾಮಾಯಣವೇ ಆಗಿತ್ತು. ತಾಯಿಯ ವಯಸ್ಸು ಅರವತ್ತನಾಲ್ಕು ಅಂತ ಬರೆದದ್ದಕ್ಕೆ ದ್ಯಾಮಮ್ಮ, "ನನ್ನ ಮುದುಕಿ ಮಾಡಾಕೆ ಇವನು ದುಡ್ಡು ಬ್ಯಾರೆ ಕಟ್ತಾನೆ" ಅಂತ ಏಜೆಂಟನ ಮುಂದೆಯೇ ಜಗಳ ತೆಗೆದಿದ್ದರು. ಕೊನೆಗೆ ಅವನು, "ಮುದುಕಿ ಆಗಿರೋದಕ್ಕೇ ನಿನ್ನ ಹೆಸರು ಮೊದಲು ಬರೆಸೀನಿ ಕಣವ್ವ, ಇಲ್ಲಾಂದ್ರೆ ನನ್ನ ಹೆಂಡ್ತೀದು ಬರೆಸ್ತಿದ್ದೆ" ಅಂದದ್ದಕ್ಕೆ ಸಮಾಧಾನವಾಗಿದ್ದರು.

ಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡು ಸಂಧ್ಯಾ ಹೊನ್ನಾಳಿ ಬಸ್ಸು ಹತ್ತಿದಳು.

ಬಸವಾಪಟ್ಟಣದಲ್ಲಿ ಪಂಚಾಕ್ಷರಪ್ಪ ಹತ್ತಿದರು. ಮಹಾಂತೇಶನ ದೊಡ್ಡಪ್ಪ, ಅಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಅಪಘಾತವಾದ ದಿನ ಆಸ್ಪತ್ರೆಗೆ ಮೊದಲು ಓಡಿಬಂದವರು ಅವರೇ, ತಮ್ಮನ ಹೆಂಡತಿಗೆ ಸ್ಪೆಷಲ್ ರೂಮು ಕೊಡಿಸಿದವರೂ ಅವರೇ. ಕೈಯಲ್ಲೊಂದು ಮಂಡಕ್ಕಿ ಚೀಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಸಂಧ್ಯಾಳ ಮುಂದಿನ ಸೀಟಿನಲ್ಲಿ ಅಡ್ಡಡ್ಡ ಕೂತರು.

"ಚಾ ಕುಡಿದೇನವ್ವ?"

"ಕುಡಿದೆ ಮಾವ."

"ಕುಡಿದಿಲ್ಲ. ಮುಖ ಹೇಳ್ತತೆ." ಆಮೇಲೆ ತಾವೇ ಮಾತಿಗೆ ಬಂದರು. "ನಮ್ಮ ವಕೀಲ್ರ ಹತ್ರ ಮಾತಾಡೀನಿ. ಕಾರಿಗೆ ಫುಲ್ ಇನ್ಶೂರೆನ್ಸ್ ಐತೆ, ಒಳಗೆ ಕೂತೋರಿಗೂ ಬರ್ತತಂತೆ. ಮಹಾಂತನ ಲೆಕ್ಕದಾಗೆ ಏನೂ ಹುಟ್ಟಂಗಿಲ್ಲ, ಓಡಿಸ್ತಿದ್ದೋನೇ ಅವನು, ಕಾರೂ ಅವನದಲ್ಲ. ದ್ಯಾಮಮ್ಮನದಾದ್ರೂ ಬರ್ಲಿ. ಆಸ್ಪತ್ರೆ ಖರ್ಚು, ನರಳಿದ್ದಕ್ಕೆ, ನಾಳೆ ಕುಂಟಂಗಾದ್ರೆ ಅದಕ್ಕೆ, ಎಲ್ಲ ಸೇರಿಸಿ ಕೋರ್ಟು ಕೊಡಿಸ್ತತೆ. ಈಗಿನ ಬಿಲ್ ನಾನು ಕಟ್ತೀನಿ. ನಿಂಗೆ ಯೋಚನೆ ಬ್ಯಾಡ."

"ಅದಕ್ಕೆ ಏನು ಬರ್ಕೊಡ್ಬೇಕು ಮಾವ?"

ಪಂಚಾಕ್ಷರಪ್ಪ ಕಿಟಕಿಯ ಕಡೆ ನೋಡಿದರು. "ಡ್ರೈವರ್ ಅಜಾಗರೂಕತೆಯಿಂದ ಓಡಿಸ್ದ ಅಂತ."

"ಹೆಸರು ಹಾಕಿ?"

"ಹೆಸರು ಹಾಕ್ಬೇಕಾಗ್ತತೆ. ಅದು ಕಾಗದದ ಮಾತು ತಾಯಿ. ಸತ್ತೋನ್ನ ಯಾರು ಜೈಲಿಗೆ ಹಾಕ್ತಾರೆ? ತಪ್ಪು ತೋರಿಸದೆ ಹಾಕೋ ಕೇಸೂ ಒಂದೈತಂತೆ, ಅದ್ರಾಗೆ ಬರೋದು ಕಡಿಮೆ, ಬ್ಯಾಡ ಅಂದ್ರು ವಕೀಲ್ರು."

"ಸಹಿ ಯಾರದು?"

"ನೋವು ಯಾರಿಗಾಗೇತೋ ಅವರದು."

ಅಂದರೆ ದ್ಯಾಮಮ್ಮನವರದು. ತಾಯಿ ಮಗನ ಮೇಲೆ ಬರೆದುಕೊಡಬೇಕು. ಸಂಧ್ಯಾ ಮತ್ತೇನೂ ಕೇಳದೆ ಪಾಲಿಸಿಯ ಪುಸ್ತಕ ಬಿಡಿಸಿದಳು. ಸಣ್ಣಕ್ಷರದ ಇಂಗ್ಲಿಷು. ಶಂಕರಘಟ್ಟದಲ್ಲಿ ಅರ್ಥಶಾಸ್ತ್ರ ಎಂ.ಎ. ಮಾಡಿ, ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದವಳಿಗೆ ಅದು ಅರ್ಥವಾಗದ್ದೇನಲ್ಲ. ಹೊನ್ನಾಳಿ ಬರುವಷ್ಟರಲ್ಲಿ ಮೊದಲಿಂದ ಕೊನೆಯವರೆಗೆ ಓದಿ ಮುಗಿಸಿದಳು. ಆ ದಿನಗಳಲ್ಲಿ ಅವಳಿಗೆ ಪೂರ್ತಿ ಅರ್ಥವಾದದ್ದು ಅದೊಂದೇ.

ದ್ಯಾಮಮ್ಮ ದಿಂಬಿಗೆ ಒರಗಿ ಅರ್ಧ ಎದ್ದು ಕೂತಿದ್ದರು. ಸೊಸೆಯನ್ನು ನೋಡಿದ ಕೂಡಲೇ ಮುಖ ಅರಳಿ, ಮರುಗಳಿಗೆಯೇ ಗಂಟಿಕ್ಕಿತು.

"ಏನೇ ರಾಣಿ ಇದು, ತಲೆ? ಹಕ್ಕಿ ಗೂಡು ಕಟ್ಟಿದಂಗೆ. ಬಾ ಇಲ್ಲಿ, ಕೂತ್ಕ."

"ಅತ್ತೆ, ನೀವು ಕೈ ಎತ್ತಬ್ಯಾಡ್ರಿ."

"ಕಾಲು ಮುರಿದಿರೋದು, ಕೈಯಲ್ಲ. ಕೂತ್ಕ."

ಸಂಧ್ಯಾ ಮಂಚದ ಅಂಚಿಗೆ ಬೆನ್ನು ಮಾಡಿ ಕೂತಳು. ದ್ಯಾಮಮ್ಮ ಬೆರಳಿನಿಂದಲೇ ಸಿಕ್ಕು ಬಿಡಿಸತೊಡಗಿದರು. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಇದು ಕಸಿವಿಸಿಯಾಗುತ್ತಿತ್ತು. ಹೆಣ್ಣುಮಕ್ಕಳಿಲ್ಲದ ಅತ್ತೆ, ಸೊಸೆಯ ಜಡೆ ತಮ್ಮ ಹಕ್ಕು ಅಂದುಕೊಂಡಿದ್ದರು.

ಪಂಚಾಕ್ಷರಪ್ಪ ಸ್ಟೂಲು ಎಳೆದುಕೊಂಡು ಕೂತು, ಮಂಡಕ್ಕಿ ಚೀಲ ಕೊಟ್ಟು, ಗಂಟಲು ಸರಿಮಾಡಿಕೊಂಡು, ಕೇಸಿನ ವಿಚಾರ ಇನ್ನೊಂದು ಸಲ ಬಿಡಿಸಿ ಹೇಳಿದರು. ದ್ಯಾಮಮ್ಮ ಪೂರ್ತಿ ಕೇಳಿಸಿಕೊಂಡರು.

"ತಡಿ ಭಾವ. ನನ್ನ ಮಗ ಅಡ್ಡಾದಿಡ್ಡಿ ಓಡಿಸ್ದ ಅಂತ ನಾನು ಹೆಬ್ಬೆಟ್ಟು ಒತ್ತಬೇಕು, ಅಲ್ವಾ?"

"ನಿಂಗೆ ಸಹಿ ಬರ್ತತಲ್ಲ."

"ಅಂಥ ಕಾಗದಕ್ಕೆ ಸಹಿ ಬರಲ್ಲ ನಂಗೆ. ತಪ್ಪೇ ಬರೀಬೇಕಂದ್ರೆ ಖರೇದು ಬರೀರಿ. ತಪ್ಪು ನಂದು."

"ಶುರುವಾತು ನೋಡು," ಅಂದರು ಪಂಚಾಕ್ಷರಪ್ಪ ಸಂಧ್ಯಾಳ ಕಡೆಗೆ. "ಮೊನ್ನೆಯಿಂದ ನರ್ಸಿನ ಮುಂದೆ, ಕಸ ಹೊಡೆಯಾಕಿ ಮುಂದೆ, ಎಲ್ಲರ ಮುಂದೂ ಇದೇ."

"ಇಕಿಗೆ ಹೇಳಿಲ್ಲ. ಇಕಿಗೆ ಹೇಳ್ಬೇಕು." ಜಡೆಯ ಮೂರು ಕಾಲುಗಳು ದ್ಯಾಮಮ್ಮನವರ ಕೈಯಲ್ಲೇ ಇದ್ದವು. "ಗೋವಿನಕೋವಿ ದಾಟಿದ್ವಿ. ತಿರುವಿನಾಗೆ ಯಾರೋ ರಸ್ತೆ ತುಂಬ ಮೆಕ್ಕೆಜೋಳ ಒಣಗಾಕ್ಯಾರೆ, ಸುತ್ತ ಕಲ್ಲಿಟ್ಟು. ಬಂಗಾರ ಹಾಸಿದಂಗಿತ್ತು. ಇವನು ನೆಟ್ಟಗೆ ಅದರ ಮೇಲೇ ಹೋಗೋನಿದ್ದ. ಹೋಗಿದ್ರೆ ಏನಾಗ್ತಿತ್ತು? ನಾಕು ಕಾಳು ಒಡೀತಿದ್ವು. ನಾನು ಕೂಗಿಬಿಟ್ಟೆ. 'ಏ, ಧಾನ್ಯ ತುಳೀಬ್ಯಾಡೋ!' ಅಂತ. ಅವನು ಬಲಕ್ಕೆ ತಿರುಗಿಸಿಬಿಟ್ಟ."

ದ್ಯಾಮಮ್ಮ ಜಡೆಯ ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿದರು.

"ಸಣ್ಣೋನಿದ್ದಾಗ ಚಪ್ಪಲಿ ಹಾಕ್ಕಂಡು ಕಣದಾಗೆ ಓಡಾಡಿದ್ದಕ್ಕೆ ಮೀನಖಂಡಕ್ಕೆ ಬರೆ ಬರಂಗೆ ಹೊಡೆದಿದ್ದೆ. ಆಮೇಲಿಂದ ಅಂಗಳದಾಗೆ ಒಂದು ಕಾಳು ಬಿದ್ದಿದ್ರೂ ದಾಟಿ ಹೋಗೋನು. ದೊಡ್ಡೋನಾಗಿ ಮೇಷ್ಟ್ರಾದ್ರೂ. ನಾನು ಕೂಗಿದ್ದು ಅವನ ತಲೆಗೆ ಹೋಗ್ಲೇ ಇಲ್ಲ ಕಣೇ, ನೆಟ್ಟಗೆ ಕೈಗೇ ಹೋತು."

"ದ್ಯಾಮಮ್ಮ," ಪಂಚಾಕ್ಷರಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು, "ಇದನ್ನ ಇನ್ನೊಂದು ಸಲ ಬಾಯಿ ಬಿಡಬ್ಯಾಡ. ಹಿಂದೆ ಕೂತಾಕಿದೇ ತಪ್ಪು ಅಂದ್ರೆ ಕಂಪನಿಯೋರು ಪೈಸೆ ಬಿಚ್ಚಲ್ಲ."

"ತಪ್ಪು ಬರೆಯಾಕೆ ಜಾಗ ಐತೆ ಅಂದ್ಯಲ್ಲ ಕಾಗದದಾಗೆ."

"ಅದು ಡ್ರೈವರಿಗೆ."

"ತಾಯಿಗಿಲ್ವಾ?"

"ಇಲ್ಲ."

"ಎಂಥ ಕಾಗದ ಅದು," ಅಂದರು ದ್ಯಾಮಮ್ಮ. "ಜೋಳ ಹಾಕಿದೋರಿಗೆ?"

"ಅವರದು ಯಾವ ಇನ್ಶೂರೆನ್ಸ್ ಐತೆ, ಪಾಪ. ಅವರ ಮೇಲೆ ಹಾಕಿ ಏನು ಬರ್ತತೆ?"

"ಬ್ಯಾಡ ಬ್ಯಾಡ, ಅವರನ್ನ ಎಳೀಬ್ಯಾಡ. ನಾವು ಹಾಕಿಲ್ವಾ ರಸ್ತೆ ಮೇಲೆ? ಎಲ್ಲಿ ಒಣಗಿಸ್ಬೇಕು ಮತ್ತೆ?"

ಸಂಧ್ಯಾ ಎದ್ದು ನಿಂತಳು. ಅರ್ಧ ಹೆಣೆದ ಜಡೆ ಅತ್ತೆಯ ಕೈಯಿಂದ ಜಾರಿತು. "ನೀರು ಕುಡ್ಕೊಂಡು ಬರ್ತೀನಿ," ಅಂದು ಹೊರಗೆ ಬಂದಳು.

ಮೊಗಸಾಲೆಯ ಕೊನೆಯಲ್ಲಿ ನೀರಿನ ಫಿಲ್ಟರಿತ್ತು. ಲೋಟ ತುಂಬಿ ಹರಿದರೂ ಅವಳು ನಲ್ಲಿ ನಿಲ್ಲಿಸಲಿಲ್ಲ. ನಾಲ್ಕು ಕಾಳು. ನಾಲ್ಕು ಕಾಳಿಗೋಸ್ಕರ. ಒಂದು ಕೂಗು ಕೂಗದೆ ಇರಲು ಆಗಲಿಲ್ಲವೇ ಈ ಮುದುಕಿಗೆ? ಆ ಬಾಯಿಗೆ ಒಂದು ಗಳಿಗೆ ಬಿಡುವಿಲ್ಲವೇ? ಜೋಮು ಬಿಡುವಾಗ ಕಾಲಿಗೆ ಮೊದಲು ಬರುವುದು ಚುಚ್ಚು ನೋವೇ. ಇಷ್ಟು ದಿನದಲ್ಲಿ ಮೊದಲ ಸಲ ಅವಳಿಗೆ ಏನೋ ಒಂದು ಆಗುತ್ತಿತ್ತು, ಅದು ಸಿಟ್ಟು.

ಆಗಲೇ ಯರ್ರಿಸ್ವಾಮಿಯ ಫೋನು. ಜಗಳೂರಿನ ಖಾಸಗಿ ಹೈಸ್ಕೂಲಿನಲ್ಲಿ ಮಹಾಂತೇಶ ವಿಜ್ಞಾನ ಹೇಳಿಕೊಡುತ್ತಿದ್ದ, ಯರ್ರಿಸ್ವಾಮಿ ಅದೇ ಶಾಲೆಯ ಪಿ.ಟಿ. ಮೇಷ್ಟ್ರು. ವಾರವೆಲ್ಲ ಜಗಳೂರಿನ ರೂಮಿನಲ್ಲಿದ್ದು ಶನಿವಾರ ಬಸ್ಸಿಗೆ ಊರಿಗೆ ಬರುತ್ತಿದ್ದ ಮಹಾಂತೇಶ, ಈ ಸಲ ತಾಯಿಗೆ ಬಸ್ಸಿನ ಕುಲುಕಾಟ ಬೇಡವೆಂದು ಯರ್ರಿಸ್ವಾಮಿಯ ಕಾರು ಕೇಳಿ ತಂದಿದ್ದ.

"ಅಕ್ಕಾ, ನಿಮ್ಮ ಮಾವನೋರು ಫೋನ್ ಮಾಡಿದ್ರು. ಕೇಸಲ್ಲಿ ಕಾರಿನ ಓನರ್ ಹೆಸರೂ ಬರ್ತತಂತೆ, ಬೇಜಾರು ಮಾಡ್ಕಬ್ಯಾಡಪ್ಪ ಅಂದ್ರು. ಬೇಜಾರು ಏನಕ್ಕಾ? ಧಾರಾಳ ಹಾಕ್ರಿ. ನೀವು ಹಾಕ್ಲಿಲ್ಲಂದ್ರೆ ನನ್ನ ಮೇಲೆ ನಾನೇ ಹಾಕ್ಕಂತೀನಿ."

"ಯಾಕಣ್ಣ, ನೀವೇನು ಮಾಡಿದ್ರಿ?"

"ನಾನು ಕಾರು ಕೊಟ್ಟೆ." ಮೈದಾನದಲ್ಲಿ ನೂರು ಹುಡುಗರನ್ನು ಗದರಿಸುವ ದನಿ ಒಡೆಯಿತು. "ಇಲ್ಲ, ನನ್ನ ಹೆಂಡ್ತಿ ತೌರಿಗೆ ಹೋಗ್ಬೇಕು ಅಂತ ಒಂದು ಸುಳ್ಳು ಹೇಳಿದ್ರೆ ಬಸ್ಸಿಗೆ ಹೋಗ್ತಿದ್ದ. ಕೊಡ್ಬಾರದಿತ್ತಕ್ಕಾ ನಾನು."

ಫೋನಿಟ್ಟ ಮೇಲೆ ಸಂಧ್ಯಾ ಅಲ್ಲೇ ಬೆಂಚಿನ ಮೇಲೆ ಕೂತಳು. ಆ ಭಾನುವಾರ ತಾನೂ ನ್ಯಾಮತಿಗೆ ಹೋಗಬೇಕಿತ್ತು. ಟೆಸ್ಟ್ ಪೇಪರ್ ತಿದ್ದುವುದಿದೆ ಅಂತ ಉಳಿದುಕೊಂಡಿದ್ದಳು. ತಿದ್ದುವುದೇನೂ ಅಷ್ಟಿರಲಿಲ್ಲ, ನೆಂಟರ ಹೆಂಗಸರು 'ನಿಮ್ಮ ಮನೇಲಿ ತೊಟ್ಟಿಲು ಯಾವಾಗ' ಅಂತ ಕೇಳುವುದು ತಪ್ಪಲಿ ಅಂತ. ತಾನು ಮುಂದಿನ ಸೀಟಿನಲ್ಲಿ ಕೂತಿದ್ದರೆ ತಿರುವಿನ ಜೋಳ ಮೊದಲೇ ಕಂಡು ಹೇಳುತ್ತಿದ್ದಳೋ ಏನೋ. ಎಲ್ಲರೂ ತಪ್ಪು ನಂದು ನಂದು ಅಂತ ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ ಸಾಲು ನಿಂತಿದ್ದಾರೆ, ಅದರಲ್ಲಿ ತಾನೂ ಒಬ್ಬಳು. ಕೋರ್ಟಿಗೆ ಮಾತ್ರ ಇವರು ಯಾರೂ ಬೇಡ. ಸಾಲಿನಲ್ಲಿ ನಿಲ್ಲಲಾರದ ಒಬ್ಬನ ಹೆಸರೇ ಬೇಕು.

ಅವಳು ಎದ್ದು ಕೌಂಟರಿಗೆ ಹೋದಳು. ರೂಪಶ್ರೀ ಅವಳಿಗಿಂತ ಸಣ್ಣವಳು, ಫೈಲುಗಳ ನಡುವೆ ಡಬ್ಬಿ ತೆರೆದು ಚಿತ್ರಾನ್ನ ತಿನ್ನುತ್ತಿದ್ದಳು. ಗಡಬಡಿಸಿ ಮುಚ್ಚಿದಳು.

"ತಿನ್ನಮ್ಮ, ತಿನ್ನು. ಒಂದು ಕೇಳ್ತೀನಿ. ಹೆಲ್ತ್ ಪಾಲಿಸಿ ಫಾರ್ಮಲ್ಲಿ ತಪ್ಪು ಯಾರದು ಅಂತ ಕೇಳ್ತಾರಾ?"

ರೂಪಶ್ರೀ ಫಾರ್ಮು ತಿರುವಿ ನೋಡಿದಳು. "ಯಾವ ಮೂಳೆ, ಯಾವತ್ತು ಮುರೀತು, ಹೆಂಗೆ ಮುರೀತು ಅಂತ ಐತೆ. ಪೊಲೀಸ್ನೋರ ಕಾಪಿ ಒಂದು ಲಗತ್ತಿಸ್ಬೇಕು. ಯಾರ ತಪ್ಪು ಅಂತ ಎಲ್ಲೂ ಇಲ್ಲ ಮೇಡಂ. ಹೆಂಗೆ ಅನ್ನೋ ಕಡೆ 'ರಸ್ತೆ ಅಪಘಾತ, ಕಾರಿನಲ್ಲಿ ಪ್ರಯಾಣಿಸುತ್ತಿದ್ದರು' ಅಂತ ಬರೀತೀವಿ, ಅಷ್ಟೇ. ಆದ್ರೆ..."

"ರೂಮು."

"ಓದ್ಕಂಡು ಬಂದೀರಾ?" ಹುಡುಗಿಗೆ ಆಶ್ಚರ್ಯ. "ಹೌದು ಮೇಡಂ. ಈ ಪಾಲಿಸಿಗೆ ರೂಮಿನ ಮಿತಿ ಐತೆ. ಸ್ಪೆಷಲ್ ರೂಮಲ್ಲಿದ್ರೆ ರೂಮಿನ ಬಾಡಿಗೆ ಮಾತ್ರ ಅಲ್ಲ, ಡಾಕ್ಟ್ರ ಫೀಸಿಂದ ಹಿಡ್ದು ಎಲ್ಲದ್ರಲ್ಲೂ ಕಡೀತಾರೆ. ಇವತ್ತೇ ಜನರಲ್ ವಾರ್ಡಿಗೆ ಶಿಫ್ಟ್ ಮಾಡ್ಸಿದ್ರೆ ಮುಂದಿನದಾದ್ರೂ ಉಳೀತತೆ."

"ಶಿಫ್ಟ್ ಮಾಡ್ಸು. ಪಾಲಿಸಿ ಮೇಲೇ ಹಾಕು."

ಹಿಂದಿನಿಂದ ಪಂಚಾಕ್ಷರಪ್ಪ ಬಂದು ನಿಂತಿದ್ದರು. ಕೇಳಿಸಿಕೊಂಡಿದ್ದರು.

"ಏನವ್ವ ನೀನು! ಎಂ.ಎ. ಓದಿ ಲೆಕ್ಕ ಬರಲ್ವಾ ನಿಂಗೆ? ಇದು ಬಿಲ್ ಒಂದೇ ಕಟ್ಟೋದು, ಅದ್ರಾಗೂ ಕಡಿತ. ಅದಾದ್ರೆ ಕುಂಟಿದ್ದಕ್ಕೂ ಕೊಡ್ತತೆ. ಕೈಗೆ ಬಂದಿದ್ದನ್ನ ಒದೀತಿ."

"ಲೆಕ್ಕ ಬರ್ತತೆ ಮಾವ." ಅವಳ ದನಿ ಏರಲಿಲ್ಲ. "ಕೇಸು ಎಷ್ಟು ವರ್ಷ ನಡೀತತೋ ಅಷ್ಟು ವರ್ಷಾನೂ ಅತ್ತೆ ಕಟಕಟೆ ಹತ್ತಿ ನಿಂತು, ನನ್ನ ಮಗಂದು ತಪ್ಪು ಅನ್ನಬೇಕು. ಇಲ್ಲಾ ನಂದು ಅನ್ನಬೇಕು. ಅದನ್ನ ಹೇಳಿ ಬಂದು ಮನೇಲಿ ನನ್ನ ಮುಂದೆ ಕೂತು ಉಣ್ಣಬೇಕು. ನಾನು ಬಡಿಸ್ಬೇಕು. ಯಾವುದನ್ನ ಹೇಳಿದ ದಿನ ಬಡಿಸಾಕೆ ಆಗ್ತತೆ ಹೇಳ್ರಿ ನಂಗೆ?"

ಪಂಚಾಕ್ಷರಪ್ಪ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಎರಡು ಸಲ. ಆಮೇಲೆ ಕೌಂಟರಿಗೆ ಬಗ್ಗಿ ರೂಪಶ್ರೀಗೆ ಜೋರು ಮಾಡಿದರು.

"ಏನಮ್ಮ, ಎಷ್ಟು ಕಡಿತ ಆತು ಅಂತ ಆಮೇಲೆ ನನಗೆ ಫೋನ್ ಮಾಡ್ಬೇಕು, ಇಕಿಗಲ್ಲ. ತಿಳೀತಾ? ನಂಬರ್ ಬರ್ಕ. ಸ್ಪೆಷಲ್ ರೂಮು ಹಾಕಿಸ್ದೋನು ನಾನು." ಸಂಧ್ಯಾಳ ಕಡೆ ತಿರುಗಿ, "ಅದು ನಂದು ತಪ್ಪು. ಅದನ್ನಾದ್ರೂ ನಂಗೆ ಬಿಡು," ಅಂದರು.

ಜನರಲ್ ವಾರ್ಡು ದ್ಯಾಮಮ್ಮನವರಿಗೆ ತೌರು ಮನೆಯಾಯಿತು. ಸ್ಪೆಷಲ್ ರೂಮಿನಲ್ಲಿ ಗೋಡೆ ನೋಡಿಕೊಂಡು ಒಣಗಿದ್ದವರು ಇಲ್ಲಿ ಮಂಚಕ್ಕೆ ಬಂದ ಗಳಿಗೆಯಲ್ಲೇ ಪಕ್ಕದ ಮಂಚದ ಭೀಮಕ್ಕನ ಕುಲಗೋತ್ರ ವಿಚಾರಿಸಿ ಮುಗಿಸಿದ್ದರು. ಭೀಮಕ್ಕ ನಲ್ಲೂರಿನವರು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವರು. ಮಂಡಕ್ಕಿ ಚೀಲ ಎರಡು ಮಂಚಗಳ ನಡುವೆ ಓಡಾಡುತ್ತಿತ್ತು.

"ಇವಳು ನನ್ನ ಸೊಸೆ. ಕಾಲೇಜಲ್ಲಿ ಪಾಠ ಹೇಳ್ತಾಳೆ. ತಲೆ ಬಾಚ್ಕಳಾಕೆ ಬರಲ್ಲ," ಅಂದು ಪರಿಚಯ ಮಾಡಿಕೊಟ್ಟರು.

ಸಂಜೆ ಭೀಮಕ್ಕನಿಗೆ ಕಣ್ಣು ಹತ್ತಿದ ಮೇಲೆ ದ್ಯಾಮಮ್ಮ ಸೊಸೆಯ ಸೆರಗು ಹಿಡಿದು ಎಳೆದು ಕೂರಿಸಿಕೊಂಡರು.

"ಕೇಸು ಬ್ಯಾಡ ಅಂದ್ಯಂತೆ. ಭಾವ ಹೇಳಿದ."

"ಹೂಂ."

"ನನ್ನ ಮೇಲೆ ಸಿಟ್ಟು ಐತಾ ನಿಂಗೆ?"

ಇಲ್ಲ ಅನ್ನುವುದು ಸುಲಭವಿತ್ತು. ಮಲಗಿದ ಮುದುಕಿಗೆ ಆ ಒಂದು ಸುಳ್ಳು ಹೇಳಿದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

"ಐತೆ," ಅಂದಳು ಸಂಧ್ಯಾ.

"ಬಾಳ?"

"ಗೊತ್ತಿಲ್ಲ ಅತ್ತೆ. ಮಧ್ಯಾಹ್ನ ಬಂತು. ಇನ್ನೂ ಬರ್ತಾನೇ ಐತೆ."

ದ್ಯಾಮಮ್ಮ ಬಹಳ ದಿನದ ಮೇಲೆ ಉಸಿರು ಬಿಟ್ಟ ಹಾಗೆ ಉಸಿರುಬಿಟ್ಟರು. "ಬರ್ಲಿ. ಏನೋ ಒಂದು ಬಂತಲ್ಲ ನಿಂಗೆ. ಆಂಬುಲೆನ್ಸಾಗೆ ಅವನ ಪಕ್ಕ ನೀನು ಕೂತಿದ್ದು ನೋಡಿದ್ನಲ್ಲ, ಇಬ್ರೂ ಹೋದ್ರು ಅನ್ಕಂಡೆ ನಾನು. ಬೈ, ಬೈದುಬಿಡು ಈಗ. ಭೀಮಕ್ಕ ಎದ್ರೂ ಏಳ್ಲಿ."

"ಈಗ ಬೈಯಲ್ಲ. ನೀವು ಎದ್ದು ಓಡಾಡಂಗಾಗ್ರಿ. ಬಿದ್ದೋರಿಗೆ ಬೈದ್ಲು ಅಂತ ಹೆಸರು ಬ್ಯಾಡ ನಂಗೆ."

"ಎದ್ದ ಮೇಲೆ ನಾನೇನು ಸುಮ್ನೆ ಬೈಸ್ಕಂತೀನಾ? ತಿರುಗಿ ಬೈತೀನಿ."

"ಬೈರಿ. ಅದಕ್ಕೇ ಪಾಲಿಸಿ ಮೇಲೆ ಹಾಕ್ಸಿದ್ದು."

ದ್ಯಾಮಮ್ಮನಿಗೆ ನಗು ಬಂತು. ನಗುವಿಗೆ ತೊಡೆ ನೋಯಿತು. ಅಯ್ಯಯ್ಯೋ ಅಂತ ನಗುತ್ತಲೇ ಅಳತೊಡಗಿದರು, ಮಗನ ಹೆಸರು ಹಿಡಿದು. ಸಂಧ್ಯಾ ಅವರ ಎದೆಗೆ ತಲೆಯಿಟ್ಟಳು. ಎಷ್ಟು ಹೊತ್ತೋ, ಅವಳಿಗೂ ಕಣ್ಣೀರು ಬಂತು, ಸದ್ದಿಲ್ಲದೆ, ಯಾರೋ ನಲ್ಲಿ ಸಡಿಲ ಬಿಟ್ಟ ಹಾಗೆ. ಅತ್ತೆಯ ಬೆರಳುಗಳು ಅರ್ಧಕ್ಕೆ ನಿಂತಿದ್ದ ಜಡೆಯನ್ನು ಹುಡುಕಿ ಹೆಣೆಯುತ್ತಿದ್ದವು.

ಪಾಲಿಸಿಯ ಕಂಪನಿ ಬಿಲ್ಲಿನ ಬಹುಪಾಲು ಕೊಟ್ಟಿತು. ಉಳಿದದ್ದನ್ನು ಕೊಡುವ ವಿಷಯಕ್ಕೆ ಪಂಚಾಕ್ಷರಪ್ಪನವರಿಗೂ ಸಂಧ್ಯಾಳಿಗೂ ಆಸ್ಪತ್ರೆಯ ಕೌಂಟರಿನಲ್ಲೇ ಎಳೆದಾಟವಾಗಿ, ಅವರೇ ಗೆದ್ದರು. ಚನ್ನಗಿರಿಯ ಮನೆಯಲ್ಲಿ ದ್ಯಾಮಮ್ಮ ಮೊದಲು ವಾಕರ್ ಹಿಡಿದು, ಆಮೇಲೆ ಕೋಲು ಹಿಡಿದು ನಡೆದರು. ಜಗಳವೂ ಆಯಿತು. ಬೇಳೆ ಹೆಚ್ಚು ಬೆಂದದ್ದಕ್ಕೆ ಶುರುವಾದದ್ದು ಗೋವಿನಕೋವಿಯ ತಿರುವಿಗೆ ಹೋಗಿ ಮುಟ್ಟಿತು. ಸಂಧ್ಯಾ ಅಂದದ್ದನ್ನೆಲ್ಲ ಅಂದಳು. ದ್ಯಾಮಮ್ಮ ತಿರುಗಿ ಬೈಯುತ್ತೇನೆ ಅಂದವರು ಬೈಯಲಿಲ್ಲ. ಆ ರಾತ್ರಿ ಇಬ್ಬರೂ ಬೆಂದುಹೋದ ಬೇಳೆಯನ್ನೇ ಉಂಡರು. ಮನೆಗೆ ಬಂದ ಮೇಲೆ ಸೊಸೆಯ ಮುಂದೆ ಬಾಯಿ ಬಿಗಿಹಿಡಿದೇ ಇದ್ದ ದ್ಯಾಮಮ್ಮ, ಮಾರನೆಯ ದಿನ ಹಾಲಿನವನ ಹತ್ತಿರ ನೀರು ಹಾಕಿದ್ದಕ್ಕೆ ಹಿಂದಿನಂತೆ ಜೋರು ಮಾಡಿದರು.

ಆ ಹೊತ್ತಿಗೆ ಹೊನ್ನಾಳಿಯ ಗ್ಯಾರೇಜಿನಿಂದ ಸುದ್ದಿ ಬಂತು: ಕಾರು ರೆಡಿ. ಕಾರಿನ ರಿಪೇರಿಗೆ ಯರ್ರಿಸ್ವಾಮಿಯ ಪಾಲಿಸಿ ಕೊಟ್ಟಿತ್ತು. "ಬಸ್ಸಿಗೆ ಬಂದು ನಾನೇ ತಗೊಂಡು ಹೋಗ್ತೀನಕ್ಕಾ, ನೀವು ಅದರ ಹತ್ರಾನೂ ಬರಬ್ಯಾಡ್ರಿ," ಅಂದ ಯರ್ರಿಸ್ವಾಮಿ.

"ತಂದೋರು ನಮ್ಮೋರು. ಮುಟ್ಟಿಸೋದೂ ನಮ್ಮದೇ," ಅಂದಳು ಸಂಧ್ಯಾ.

ಲೈಸೆನ್ಸು ಇತ್ತು, ರೂಢಿಯಿರಲಿಲ್ಲ. ಡ್ರೈವಿಂಗ್ ಸ್ಕೂಲಿಗೆ ಮತ್ತೆ ಹೋಗಿ ಕೈ ಕೂರಿಸಿಕೊಂಡಳು. ಹೊರಡುವ ದಿನ ದ್ಯಾಮಮ್ಮ ತಮ್ಮ ಕೋಲು, ಒಂದು ಬುಟ್ಟಿ ಹಿಡಿದು ಮೊದಲೇ ಬಾಗಿಲಲ್ಲಿ ನಿಂತಿದ್ದರು. ಬುಟ್ಟಿಯಲ್ಲಿ ಒಂದು ಸೇರು ಅಕ್ಕಿ, ಬೆಲ್ಲದ ಅಚ್ಚು, ತೆಂಗಿನಕಾಯಿ.

"ನೀವೆಲ್ಲಿಗೆ ಅತ್ತೆ?"

"ಇನ್ನೊಬ್ಬರ ಮನೆ ಪಾತ್ರೆ ಖಾಲಿ ವಾಪಸ್ ಕೊಡ್ತೀವಾ? ಹಂಗೇ ಇದೂನೂ. ಬುಟ್ಟಿ ಹಿಡ್ಕಳಾಕೆ ಒಬ್ರು ಬೇಕಲ್ಲ. ಹಿಂದಿನ ಸೀಟಾಗೆ ಬಾಯಿ ಹೊಲ್ಕಂಡು ಕೂತಿರ್ತೀನಿ."

ಗ್ಯಾರೇಜಿನ ಮುಂದೆ ಕಾರು ನಿಂತಿತ್ತು. ಡ್ರೈವರ್ ಕಡೆಯ ಬಾಗಿಲು ಹೊಸದು. ಬಣ್ಣ ಒಂದು ಎಳೆ ತಿಳಿ. ಸಂಧ್ಯಾ ಆ ಬಾಗಿಲಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ತೆಗೆದು ಒಳಗೆ ಕೂತಳು. ಹಿಂದಿನ ಬಾಗಿಲ ಹಿಡಿಗೆ ಕೈ ಹಾಕಿದ್ದ ಅತ್ತೆಯನ್ನು ಕರೆದಳು.

"ಮುಂದೆ ಬರ್ರಿ."

"ಬ್ಯಾಡ ಕಣೇ. ಅಲ್ಲಿ ಕೂತ್ರೆ ರಸ್ತೆ ಕಾಣ್ತತೆ. ಕಂಡ್ರೆ ಬಾಯಿ ಸುಮ್ನಿರಲ್ಲ."

"ಸುಮ್ನಿರೋದು ಬ್ಯಾಡ. ನಂಗೆ ಎಡಗಡೆ ಅಷ್ಟು ಅಂದಾಜು ಸಿಗಲ್ಲ. ಏನು ಕಂಡ್ರೂ ಹೇಳ್ರಿ. ಕೂಗಿ ಹೇಳ್ರಿ. ಮಾಡ್ಬೇಕೋ ಬಿಡ್ಬೇಕೋ ನಾನು ನೋಡ್ಕಂತೀನಿ."

ದ್ಯಾಮಮ್ಮ ಬುಟ್ಟಿಯನ್ನು ಹಿಂದೆ ಇಟ್ಟು, ಕೋಲನ್ನು ಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡು ಮುಂದೆ ಕೂತರು. ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕು ತುಂಬಿಸಿ ಹೊರಟ ಮೇಲೆ ಬಹಳ ದೂರದವರೆಗೆ ಅವರು ತುಟಿ ಬಿಚ್ಚಲಿಲ್ಲ. ಎದುರು ಲಾರಿ ಬಂದರೆ ಕೋಲಿನ ಹಿಡಿ ಅಮುಕುತ್ತಿದ್ದರು, ಅಷ್ಟೇ. ದಾವಣಗೆರೆ ಹತ್ತಿರ ಬರುವಾಗ ಕೊನೆಗೂ ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ ಅಂದರು:

"ಎಡಕ್ಕೆ ಒಂದು ನಾಯಿ ಐತೆ."

"ನೋಡಿದೆ ಅತ್ತೆ."

"ನೋಡಿರ್ತಿ. ಸುಮ್ನೆ ಹೇಳ್ದೆ."

ಅಲ್ಲಿಂದ ಜಗಳೂರಿನವರೆಗೆ ನಾಯಿ, ಎತ್ತು, ಆಟೋ, ಗುಂಡಿ, ಸ್ಕೂಲು ಮಕ್ಕಳು, ಯಾವುದನ್ನೂ ಬಿಡಲಿಲ್ಲ. ಸಂಧ್ಯಾಳ ಕೈ ಸ್ಟೀರಿಂಗಿನ ಮೇಲೆ ಅಲುಗದೆ ಇತ್ತು.

ಜಗಳೂರಿನ ಸರ್ಕಲ್ಲಿನಲ್ಲೇ ಯರ್ರಿಸ್ವಾಮಿ ನಿಂತಿದ್ದ. ಕಾರಿನ ಮುಂದೆ ಮುಂದೆ ಬೈಕಿನಲ್ಲಿ ಹೋಗಿ ಮನೆಯ ದಾರಿ ತೋರಿಸಿದ. ಕಾರು ನಿಂತ ಮೇಲೆ ಬಾಗಿಲು ತೆಗೆದು ದ್ಯಾಮಮ್ಮನವರನ್ನು ಕೈಹಿಡಿದು ಇಳಿಸಿಕೊಂಡ. ಅವರು ಬುಟ್ಟಿಯನ್ನು ಅವನ ಹೆಂಡತಿಯ ಕೈಗೆ ಕೊಟ್ಟು, "ಖಾಲಿ ತರಬಾರದು ನೋಡವ್ವ," ಅಂದರು. ಆಕೆ ಬುಟ್ಟಿಗೆ ಸೆರಗು ಮುಚ್ಚಿ ಕಣ್ಣಿಗೊತ್ತಿಕೊಂಡು ಒಳಗೆ ಒಯ್ದಳು.

ಸಂಧ್ಯಾ ಎಂಜಿನ್ನು ಆರಿಸಿ ಇಳಿದಳು. ಯರ್ರಿಸ್ವಾಮಿ ಕಾರಿನ ಸುತ್ತ ಒಂದು ಸುತ್ತು ಬಂದ. ಹೊಸ ಬಾಗಿಲಿನ ಮುಂದೆ ನಿಂತ. ಏನೋ ಹೇಳಬೇಕೆಂದು ಹುಡುಕಿ, "ಬಣ್ಣ ಸ್ವಲ್ಪ ಬ್ಯಾರೆ ಬಂತು, ಅಲ್ವಾ?" ಅಂದ.

"ಹೂಂ. ಬೇರೇನೇ."

"ಇರ್ಲಿ ಬಿಡ್ರಿ. ಮಳೆಬಿಸಿಲಿಗೆ ಒಂದಾಗ್ತತೆ."

ಸಂಧ್ಯಾ ಕೀಲಿಯನ್ನು ಅವನ ಮುಂದೆ ಹಿಡಿದಳು. "ಸೋಮವಾರ ಸ್ಕೂಲಿಗೆ ಬರೋವಾಗ ತರ್ತೀನಿ ಅಂತ ತಗೊಂಡು ಬಂದಿದ್ರಂತೆ ಅವ್ರು. ಬಾಳ ತಡ ಆತಣ್ಣ."

"ತಡ ಏನಿಲ್ಲಕ್ಕಾ," ಅಂದ ಯರ್ರಿಸ್ವಾಮಿ. "ನಾನೇನು ಕಾಯ್ತಿರ್ಲಿಲ್ಲ."

"ಬೆಳಿಗ್ಗೆ ತಿಂಡೀನೂ ತಿನ್ನದೆ ಸರ್ಕಲ್ಲಾಗೆ ನಿಂತಿದ್ರು," ಅಂದಳು ಒಳಗಿನಿಂದ ಅವನ ಹೆಂಡತಿ.

ಅವನು ಎರಡೂ ಕೈ ಚಾಚಿದ. ಸಂಧ್ಯಾ ಕೀಲಿಯನ್ನು ಅದರಲ್ಲಿಟ್ಟಳು.